ಅರಗಿನಲ್ಲಿ ಉಳಿದ ದನಿ

ಹಳೆಯ ರೆಕಾರ್ಡುಗಳ ಬಗ್ಗೆ ಈಚೆಗೆ ಬರುತ್ತಿರುವ ಬರಹಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: ರೆಕಾರ್ಡಿನ ದನಿ ಬೆಚ್ಚಗಿರುತ್ತದೆ, ಫೋನಿನ ದನಿಗೆ ಆ ಗುಣವಿಲ್ಲ. ನನಗೆ ಈ ವಿವರಣೆ ಸಾಲದು. ಮುಂಬೈಗೆ ಬಂದ ಮೇಲೆ, ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಕೈಗೆ ಧೂಳು ಮೆತ್ತಿಸಿಕೊಂಡು ರೆಕಾರ್ಡು ಆರಿಸುವವರಲ್ಲಿ ನಾನೂ ಒಬ್ಬನಾಗಿದ್ದೇನೆ. ಆ ಸುಖವನ್ನು ಅಲ್ಲಗಳೆಯಲಾರೆ. ಆದರೆ ಅದು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳದಿದ್ದರೆ, ರೆಕಾರ್ಡಿಗೂ ಶೋಕೇಸಿನಲ್ಲಿಟ್ಟ ಅಜ್ಜಿಯ ಹಿತ್ತಾಳೆ ತಂಬಿಗೆಯ ಗತಿಯೇ ಬರುತ್ತದೆ: ನೋಡುವುದಕ್ಕೆ ಉಂಟು, ನೀರು ತುಂಬುವುದಕ್ಕಿಲ್ಲ.

ಮೊದಲು ವಸ್ತುವನ್ನೇ ನೋಡೋಣ. ನಾವು ಎಲ್ಲವನ್ನೂ ‘ವಿನೈಲ್’ ಎಂದುಬಿಡುತ್ತೇವೆ. ವಿನೈಲಿನ ಎಲ್‌ಪಿ ಬಂದದ್ದು 1948ರಲ್ಲಿ. ಅದಕ್ಕೂ ಮುಂಚಿನ, ನಿಮಿಷಕ್ಕೆ 78 ಸುತ್ತಿನ ತಟ್ಟೆಗಳ ಮುಖ್ಯ ಅಂಟು ಅರಗು. ಕೆಳಗೆ ಬಿದ್ದರೆ ಹಪ್ಪಳದಂತೆ ಮುರಿಯುತ್ತಿದ್ದವು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ, ತಟ್ಟೆ ಅಚ್ಚಾಗಬೇಕಾದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಗುರುತು ಸಿಗಲೆಂದು ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಅಲ್ಲಿಯವರೆಗೆ ನಮ್ಮ ಹಾಡು ಹಡಗು ಹತ್ತಿ ಹೋಗಿ, ತಟ್ಟೆಯಾಗಿ ಮನೆಗೆ ಮರಳಬೇಕಿತ್ತು.

ಆ ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ಒಂದು ತಾಸು ಹಾಡಬಲ್ಲ ಗಾಯಕ ಮೂರು ನಿಮಿಷದಲ್ಲಿ ಏನು ಮಾಡಬೇಕು? ಇದನ್ನು ಕೊರತೆಯೆಂದೇ ಬಗೆದವರು ಬಹಳ. ನನ್ನ ಮಟ್ಟಿಗೆ ಅದು ಬೇರೆಯೇ ಒಂದು ಪ್ರಕಾರ. ವಚನವನ್ನು ಓದಿ ‘ಇದು ಸಣ್ಣ ಕಾವ್ಯ’ ಎಂದು ಯಾರೂ ಮರುಗುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ ತಟ್ಟೆಗಳನ್ನು ಕೇಳಿ. ನಿಧಾನದ ಆಲಾಪಕ್ಕೆ ಜಾಗವಿಲ್ಲ. ಬಾಗಿಲು ತೆಗೆದ ಕೂಡಲೇ ರಾಗ ನಡುಮನೆಯಲ್ಲಿ ನಿಂತಿರುತ್ತದೆ. ತಾನುಗಳಲ್ಲಿ ನಾಟಕ ಕಂಪನಿಯಲ್ಲಿ ಬೆಳೆದ ಹುಡುಗನ ಚುರುಕಿದೆ. ಆಮೇಲೆ ಅವರ ಇಳಿವಯಸ್ಸಿನ ಎಲ್‌ಪಿಗಳನ್ನು ಕೇಳಿ. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದಷ್ಟು ಅವಕಾಶವಿದ್ದರೂ ಅಲ್ಲೊಂದು ಸ್ವರವೂ ಹೊಟ್ಟೆ ತುಂಬಿಸಲು ಬಂದದ್ದಲ್ಲ. ಆ ಜಿಪುಣತನಕ್ಕೆ ಜೈಪುರ ಘರಾಣೆಯ ಶಿಸ್ತು ಕಾರಣವೆನ್ನುತ್ತಾರೆ. ಮೂರು ನಿಮಿಷದ ತಟ್ಟೆಯೂ ಸ್ವಲ್ಪ ಕಲಿಸಿರಬೇಕು ಎಂದು ನನ್ನ ಊಹೆ.

ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಂತೂ ತಟ್ಟೆ ಸಾಕ್ಷಿ ನುಡಿಯುತ್ತದೆ. ನಮಗೆಲ್ಲ ಗೊತ್ತಿರುವುದು ಅವರ ಗಂಭೀರವಾದ, ಗಂಡುದನಿಗೆ ಹತ್ತಿರವಾದ ಕಂಠ. 1930ರ ದಶಕದ ತಟ್ಟೆಗಳಲ್ಲಿ ಇರುವುದು ತೆಳ್ಳಗಿನ, ಮೇಲಿನ ಶ್ರುತಿಯ ಹೆಣ್ಣುದನಿ. ಮುಂದೆ ಗಂಟಲಿನ ತೊಂದರೆಯಿಂದ ಆ ದನಿ ಹೋಯಿತು. ಉಳಿದ ದನಿಯಿಂದಲೇ ಅವರು ದೊಡ್ಡ ಗಾಯಕಿಯಾದರು. ಆ ತಟ್ಟೆಗಳಿಲ್ಲದಿದ್ದರೆ ಅವರು ಏನನ್ನು ಕಳೆದುಕೊಂಡು ಏನನ್ನು ಕಟ್ಟಿಕೊಂಡರು ಎಂಬುದು ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ನಂಟಿದೆ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ, ಹಾಗೆ ಹಾಡಲು ಕಲಿಸುವ ಗುರು ಬೇಕೆಂದು ಮನೆ ಬಿಟ್ಟು ಹೊರಟದ್ದು ಪ್ರಸಿದ್ಧ ಕಥೆ. ಗ್ವಾಲಿಯರ್, ಜಾಲಂಧರ್ ಎಂದು ಅಲೆದ ಮೇಲೆ ಗುರು ಸಿಕ್ಕಿದ್ದು ಗದಗಿಗೆ ದೂರವಲ್ಲದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರು, ಅದೇ ಕರೀಂ ಖಾನರ ಶಿಷ್ಯರು. ಸುಳೇಭಾವಿಯ ಬಾಲಕ ಶಿವಪುತ್ರ ದೊಡ್ಡ ಗವಾಯಿಗಳ ರೆಕಾರ್ಡು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ. ಅವನೇ ಮುಂಬೈಗೆ ಕಲಿಯಲು ಬಂದ ಕುಮಾರ ಗಂಧರ್ವ. ಕಿವಿಗೆ ಬಿದ್ದ ಒಂದು ತಟ್ಟೆ ಹುಡುಗರನ್ನು ಊರಿನಿಂದ ಎಬ್ಬಿಸುತ್ತಿದ್ದ ಕಾಲವದು. ಇಂದು ನಾವು ಅದೇ ತಟ್ಟೆಯನ್ನು ಊರಿನ ನೆನಪಿಗೆಂದು ಕೊಳ್ಳುತ್ತೇವೆ. ತಟ್ಟೆಯ ಕೆಲಸ ತಿರುವುಮುರುವಾಗಿದೆ.

ಈಗ ಬೆಚ್ಚಗಿನ ದನಿಯ ಮಾತಿಗೆ ಬರೋಣ. ಅಮೆರಿಕದಲ್ಲಿ 2022ರಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆ ಸಿಡಿಗಳದ್ದನ್ನು ಮೀರಿತು. 1987ರ ನಂತರ ಹಾಗಾದದ್ದು ಅದೇ ಮೊದಲು. ಹೀಗೆ ಹೊಸದಾಗಿ ಅಚ್ಚಾಗುವ ಎಷ್ಟೋ ತಟ್ಟೆಗಳ ಮೂಲ ಡಿಜಿಟಲ್ ಫೈಲು. ಸಾವಿರಾರು ರೂಪಾಯಿ ಕೊಟ್ಟು ತಂದ ತಟ್ಟೆಯಲ್ಲೂ ಫೋನಿನಲ್ಲೂ ಇರುವುದು ಒಂದೇ ಹಾಡಿನ ಒಂದೇ ಪ್ರತಿಯಾಗಿರಬಹುದು. ಹಾಗಾದರೆ ಸುಖ ಎಲ್ಲಿದೆ? ಕೇಳುವ ರೀತಿಯಲ್ಲಿದೆ. ತಟ್ಟೆಯನ್ನು ಒರೆಸಬೇಕು, ಮುಳ್ಳನ್ನು ಮೆಲ್ಲಗೆ ಇಳಿಸಬೇಕು, ಮಗ್ಗುಲು ಮುಗಿದಾಗ ಏಳಬೇಕು. ಬೇಸರವಾಯಿತೆಂದು ಬೆರಳು ಸವರಿ ಮುಂದಿನ ಹಾಡಿಗೆ ಹಾರುವಂತಿಲ್ಲ. ಇಯರ್‌ಫೋನಿನ ಹಾಡು ನನ್ನೊಬ್ಬನದು. ಒಂದು ಕೋಣೆಯ ಮನೆಯಲ್ಲಿ ರೆಕಾರ್ಡು ಹಚ್ಚಿದರೆ ಅಡುಗೆಮನೆಯಲ್ಲಿದ್ದವರಿಗೂ ಕೇಳುತ್ತದೆ, ಪಕ್ಕದ ಮನೆಯವರಿಗೂ ಕೇಳುತ್ತದೆ. ‘ಯಾವ ರಾಗ ಅದು?’ ಎಂದು ಗೋಡೆಯಾಚೆಯಿಂದ ಒಬ್ಬರು ಕೇಳಿದರೆ ಅದೇ ಒಂದು ಬೈಠಕ್.

ಇಷ್ಟು ಹೇಳಿ ಸಂಗ್ರಹಕಾರರ ಮೇಲೆ ನನ್ನ ತಕರಾರನ್ನೂ ಹೇಳಬೇಕು. ಲೇಬಲ್ಲಿನ ಬಣ್ಣ, ನಂಬರು, ಅಚ್ಚಾದ ವರ್ಷ ಎಲ್ಲವನ್ನೂ ಬಾಯಿಪಾಠ ಒಪ್ಪಿಸಿ, ತಟ್ಟೆಯನ್ನು ಮಾತ್ರ ಒಮ್ಮೆಯೂ ಮುಳ್ಳಿಗೆ ಹಚ್ಚದವರನ್ನು ಕಂಡಿದ್ದೇನೆ. ‘ನನ್ನ ಹತ್ತಿರ ಮಾತ್ರ ಇದೆ’ ಎಂಬ ಹೆಮ್ಮೆ ಹಾಡಿನ ಮಟ್ಟಿಗೆ ಸಾವೇ ಸರಿ. ಉತ್ತರ ಕರ್ನಾಟಕದ ನಾಟಕದ ಹಾಡುಗಳ ತಟ್ಟೆಗಳು ಅಟ್ಟದಿಂದ ಗುಜರಿಗೆ, ಗುಜರಿಯಿಂದ ಇಲ್ಲಿನ ಫುಟ್‌ಪಾತಿಗೆ ಬರುತ್ತವೆ. ಕನ್ನಡ ಓದಲು ಬಾರದ ವ್ಯಾಪಾರಿ ಅವನ್ನು ‘ಸೌತ್’ ಎಂಬ ಕಟ್ಟಿನಲ್ಲಿ ಇಡುತ್ತಾನೆ. ಅಲ್ಲಿ ಆ ಹೆಸರನ್ನು ಓದಬಲ್ಲವರು ನಾವೇ.

ಧ್ವನಿಮುದ್ರಣದ ಹಕ್ಕು ನಮ್ಮ ಕಾಯಿದೆಯಲ್ಲಿ ಪ್ರಕಟಣೆಯ ನಂತರ 60 ವರ್ಷ. ಎಂದರೆ 1930, 40ರ ದಶಕದ ತಟ್ಟೆಗಳ ಮಟ್ಟಿಗೆ ಆ ಹಕ್ಕಿನ ಅವಧಿ ಎಂದೋ ಮುಗಿದಿದೆ. ಕೊಂಡ ತಟ್ಟೆಯನ್ನು ಡಿಜಿಟಲ್ ಮಾಡಿ, ಲೇಬಲ್ಲಿನಲ್ಲಿದ್ದುದನ್ನು ಇದ್ದ ಹಾಗೆ ಬರೆದು, ಬೇರೆಯವರ ಕಿವಿಗೂ ಮುಟ್ಟಿಸುವುದು ಕಷ್ಟದ ಕೆಲಸವಲ್ಲ. ಮುಂಬೈಯ ಭಾರತೀಯ ರೆಕಾರ್ಡು ಸಂಗ್ರಹಕಾರರ ಸಂಘ 1990ರಿಂದ ದಾಖಲಿಸುವ ಕೆಲಸ ನಡೆಸಿಕೊಂಡು ಬಂದ ಮಾದರಿ ಎದುರಿಗಿದೆ. ಕನ್ನಡದ ಪಾಲು ಅದರಲ್ಲಿ ಎಷ್ಟಿರಬೇಕು ಎಂಬುದು ನಮಗೆ ಬಿಟ್ಟದ್ದು. ಮುಂದಿನ ಭಾನುವಾರ ಫುಟ್‌ಪಾತಿನಲ್ಲಿ ‘ಸೌತ್’ ಕಟ್ಟು ಕಂಡರೆ, ದಯವಿಟ್ಟು ಪೂರ್ತಿ ಬಿಚ್ಚಿ ನೋಡಿ.