ಈಡನ್‌ಟನ್ನಿನ ಇಟ್ಟಿಗೆಯ ನ್ಯಾಯಾಲಯ

ಅಮೆರಿಕದ ನಾರ್ತ್ ಕೆರೊಲೈನಾದ ಪುಟ್ಟ ಊರು ಈಡನ್‌ಟನ್. ಅಲ್ಲಿ ಕೊಲ್ಲಿಯತ್ತ ಇಳಿಯುವ ಹಸಿರು ಬಯಲಿನ ತಲೆಯಲ್ಲಿ 1767ರಲ್ಲಿ ಕಟ್ಟಿದ ಚೋವನ್ ಕೌಂಟಿ ನ್ಯಾಯಾಲಯ ನಿಂತಿದೆ. ಅಮೆರಿಕ ಎಂಬ ದೇಶ ಹುಟ್ಟುವ ಮೊದಲೇ, ಬ್ರಿಟಿಷ್ ದೊರೆಯ ಹೆಸರಿನಲ್ಲಿ ಇಲ್ಲಿ ತೀರ್ಪು ಹೊರಬೀಳುತ್ತಿತ್ತು.

ಈ ಕಟ್ಟಡದ ಚೆಲುವು ಅಳತೆಯಲ್ಲಿದೆ. ಕೆಂಪು ಇಟ್ಟಿಗೆಯ ಎರಡು ಅಂತಸ್ತು, ತುಸು ಮುಂದೆ ಚಾಚಿದ ನಡುಭಾಗ, ಅದರ ನೆತ್ತಿಗೆ ತ್ರಿಕೋನದ ಮುಕುಟ, ಮಾಡಿನ ಮೇಲೊಂದು ಬಿಳಿ ಗೋಪುರ. ಎಡ–ಬಲ ಒಂದನ್ನೊಂದು ತೂಗುತ್ತವೆ; ನ್ಯಾಯದ ಮನೆಗೆ ಇದಕ್ಕಿಂತ ಒಪ್ಪುವ ರೂಪ ಇನ್ನೇನಿದೆ? ಒಳಗೆ ನ್ಯಾಯಾಧೀಶರ ಪೀಠದ ಹಿಂದಿನ ಗೋಡೆ ಅರ್ಧಚಂದ್ರದಂತೆ ಬಾಗಿದೆ. ಮೇಲಂತಸ್ತಿನಲ್ಲಿ ಮರದ ಹಲಗೆ ಹೊದಿಸಿದ ವಿಶಾಲ ಸಭಾಂಗಣ. ವ್ಯಾಜ್ಯದ ಮನೆಯಲ್ಲೇ ಊರಿನ ಕೂಟಗಳಿಗೂ ಜಾಗ.

1790ರಲ್ಲಿ ಜಾರ್ಜ್ ವಾಷಿಂಗ್ಟನ್ ಸುಪ್ರೀಂ ಕೋರ್ಟಿಗೆ ನೇಮಿಸಿದ ಜೇಮ್ಸ್ ಐರೆಡೆಲ್ ಇದೇ ಊರಿನ ವಕೀಲರು. ಗುಲಾಮಗಿರಿಯಲ್ಲಿ ಹುಟ್ಟಿದ ಹ್ಯಾರಿಯಟ್ ಜೇಕಬ್ಸ್ ಕೂಡ ಇದೇ ಊರಿನವರು. ಒಡೆಯನ ಕಾಟ ತಾಳಲಾರದೆ ಅವರು ಅಜ್ಜಿಯ ಮನೆಯ ಇಕ್ಕಟ್ಟಾದ ಅಟ್ಟದಲ್ಲಿ ಹತ್ತಿರಹತ್ತಿರ ಏಳು ವರ್ಷ ಅಡಗಿದ್ದರು. ಆ ಕಥೆಯನ್ನು 1861ರಲ್ಲಿ ಪುಸ್ತಕವಾಗಿ ತಂದರು. ಅಂದಿನ ಕಾನೂನು ಕಾದದ್ದು ಅವರನ್ನಲ್ಲ, ಅವರ ಒಡೆಯನ ಹಕ್ಕನ್ನು. ಈ ಗೋಡೆಗಳನ್ನು ಮೆಚ್ಚುವವರು ಆ ಅಟ್ಟವನ್ನೂ ನೆನೆಯಲೇಬೇಕು.

1970ರಲ್ಲಿ ಈ ನ್ಯಾಯಾಲಯ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. ಹಳೆಯದನ್ನು ಕೆಡವದೆ ಉಳಿಸಿಕೊಂಡ ಊರು ದೊಡ್ಡದು. ಕಟ್ಟಿದ ಕೈಗಳಿಗೂ ಕಾಯ್ದ ಕೈಗಳಿಗೂ ನಮಸ್ಕಾರ.