ಶುದ್ಧ ರಕ್ತದ ಹಂದಿ

ಪೇಟೆಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಈಗ ಯಾರೂ ಜಾತಿ ಕೇಳುವುದಿಲ್ಲ. ಓದಿದ ಜನ. 'ನೀವು ಏನು ತಿಂತೀರಿ?' ಅಂತ ಮಾತ್ರ ಕೇಳುತ್ತಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮನೆ ಸಿಗಲಿಲ್ಲ. ಅದೇ ವಾರ ಒಂದು ಇಂಗ್ಲಿಷ್ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಹಂದಿ ಮಾಂಸದ ಬಗ್ಗೆ ಪುಟ ತುಂಬ ಹೊಗಳಿಕೆ ಬಂದಿತ್ತು. ಸ್ಪೇನ್ ದೇಶದ ಹಂದಿ. ಅದರ ತೊಡೆಯ ಒಂದು ಚೂರು ನಾಲಿಗೆ ಮೇಲಿಟ್ಟರೆ ಕರಗುತ್ತದಂತೆ. ಅಭಿರುಚಿ ಇದ್ದವರಿಗೆ ಮಾತ್ರ ಅದು ಅರ್ಥವಾಗುತ್ತದಂತೆ. ಈ 'ಅಭಿರುಚಿ' ಅನ್ನೋ ಮಾತನ್ನು ನಾವು ಸಾಹಿತ್ಯದ ಪಂಡಿತರ ಬಾಯಲ್ಲಿ ಬೇಕಾದಷ್ಟು ಕೇಳಿದ್ದೇವೆ. ಹಾಗಾಗಿ ಈ ಹಂದಿಯನ್ನೂ ಸ್ವಲ್ಪ ವಿಮರ್ಶೆ ಮಾಡಿ ನೋಡೋಣ ಅನ್ನಿಸಿತು.

ಮೊದಲು ವಿಷಯ. ಸ್ಪೇನಿನ ನೈರುತ್ಯಕ್ಕೆ, ಪೋರ್ಚುಗಲ್ ಗಡಿಯ ಕಡೆ, ದೆಹೆಸಾ ಅನ್ನೋ ಭೂಮಿ ಇದೆ. ಪೂರಾ ಕಾಡಲ್ಲ, ಹೊಲವೂ ಅಲ್ಲ. ದೂರ ದೂರಕ್ಕೆ ಓಕ್ ಮರಗಳು, ಅಡಿಯಲ್ಲಿ ಹುಲ್ಲು. ಅಕ್ಟೋಬರಿನಿಂದ ಮಾಗಿ ಮುಗಿಯುವ ತನಕ ಓಕ್ ಕಾಯಿ ಉದುರುತ್ತದೆ. ಆಗ ಇಬೇರಿಕೊ ಅನ್ನೋ ಕಪ್ಪು ತಳಿಯ ಹಂದಿಗಳನ್ನು ಅಲ್ಲಿಗೆ ಮೇಯಲು ಬಿಡುತ್ತಾರೆ. 2014ರ ಸರಕಾರಿ ನಿಯಮದ ಪ್ರಕಾರ ಹಂದಿ 60 ದಿನಕ್ಕೂ ಹೆಚ್ಚು ಹೀಗೆ ಮೇಯಬೇಕು, ಕಡಿಮೆ ಅಂದರೂ 46 ಕಿಲೋ ತೂಗಬೇಕು, ಅಂದರೆ ಬಂದ ತೂಕದ ಮೇಲೆ ಅಷ್ಟು ಏರಬೇಕು. ಒಂದು ಹೆಕ್ಟೇರಿಗೆ 1.25 ಹಂದಿಗಿಂತ ಹೆಚ್ಚು ಬಿಡುವಂತಿಲ್ಲ. ಲೆಕ್ಕ ಹಾಕಿ: ಒಂದು ಹಂದಿಗೆ ಹತ್ತಿರ ಹತ್ತಿರ 2 ಎಕರೆ. ನಮ್ಮ ಕೇರಿಯಲ್ಲಿ 2 ಎಕರೆ ಇರುವ ಮನೆ ಎಷ್ಟು ಅಂತ ಮೇಷ್ಟ್ರುಗಳು ಹುಡುಗರಿಂದ ಎಣಿಸಿ ನೋಡಲಿ.

ಕೊಯ್ದ ಮೇಲೆ ಹಿಂದಿನ ತೊಡೆಯನ್ನು ಕಲ್ಲುಪ್ಪಿನಲ್ಲಿ ಹೂಳುತ್ತಾರೆ. ಕಿಲೋಗೆ ಸುಮಾರು ಒಂದು ದಿನದ ಲೆಕ್ಕ. ಆಮೇಲೆ ತೊಳೆದು, ಗಾಳಿಗೆ ತೂಗುಹಾಕಿ, ತಂಪು ನೆಲಮಾಳಿಗೆಯಲ್ಲಿ ಎರಡು ಮೂರು ವರ್ಷ ಬಿಡುತ್ತಾರೆ. ಇದು ಕಸುಬು, ಸಂಶಯವಿಲ್ಲ. ಗಾಳಿ, ಉಪ್ಪು, ಕಾಲ ಮೂರನ್ನೂ ಬಲ್ಲ ಕೈಗಳ ವಿದ್ಯೆ. ನಮ್ಮವ್ವಂದಿರೂ ಬಾಡು ಸೀಳಿ ಉಪ್ಪು ಅರಿಶಿನ ಹಚ್ಚಿ ಹಗ್ಗದ ಮೇಲೆ ಹರವಿ ಉಪ್ಪುಕಂಡ ಮಾಡುತ್ತಿದ್ದರು. ಅದೂ ಉಪ್ಪು, ಅದೂ ಗಾಳಿ. ಆ ಹಗ್ಗ ಕಂಡು ಮೂಗು ಮುಚ್ಚಿಕೊಂಡು ಹೋದವರು ಈಗ ಪುರವಣಿ ಓದಿ ಬಾಯಲ್ಲಿ ನೀರೂರಿಸುತ್ತಿದ್ದಾರೆ.

ಇನ್ನು ಆ ತೊಡೆಗೆ ಕಟ್ಟುವ ಪಟ್ಟಿಯ ಕಥೆ. ಅದೇ 2014ರ ನಿಯಮ ನಾಲ್ಕು ಬಣ್ಣ ಗೊತ್ತು ಮಾಡಿದೆ. ತಂದೆ ತಾಯಿ ಎರಡೂ ನೂರಕ್ಕೆ ನೂರು ಇಬೇರಿಕೊ, ಮೇಯ್ದದ್ದು ಓಕ್ ಕಾಯಿ ಆದರೆ ಕಪ್ಪು ಪಟ್ಟಿ. ಕಾಯಿ ಮೇಯ್ದಿದ್ದರೂ ರಕ್ತ ಬೆರಕೆಯಾದರೆ ಕೆಂಪು. ಬಯಲಲ್ಲಿ ಬೆಳೆದು ಕಾಳು ತಿಂದದ್ದು ಹಸಿರು. ದೊಡ್ಡಿಯಲ್ಲೇ ಬೆಳೆದದ್ದು ಬಿಳಿ. ನಾಲ್ಕು ವರ್ಣ! ನಾನು ಕಟ್ಟಿದ ವ್ಯಂಗ್ಯವಲ್ಲ ಇದು, ಅಂಗಡಿಯಲ್ಲಿ ತೂಗುಬಿದ್ದಿರುವ ಸತ್ಯ. ಬೆರಕೆಯಲ್ಲೂ ತಾಯಿ ಮಾತ್ರ ಶುದ್ಧ ತಳಿಯೇ ಆಗಿರಬೇಕು. ಗಿರಾಕಿಗೆ ಮೋಸ ಆಗಬಾರದು ಅಂತ ಮಾಡಿದ ನಿಯಮ, ಸರಿ. ಆದರೆ ಈ 'ಶುದ್ಧ ರಕ್ತ' ಅನ್ನೋ ಮಾತಿಗೆ ಆ ದೇಶದಲ್ಲಿ ಹಳೆಯ ಚರಿತ್ರೆಯೊಂದಿದೆ.

1449ರಲ್ಲಿ ತೊಲೇದೋ ನಗರದಲ್ಲಿ ಒಂದು ಶಾಸನ ಬಂತು. ಯೆಹೂದಿ ಮೂಲದಿಂದ ಕ್ರೈಸ್ತರಾದವರು ನಗರದ ಅಧಿಕಾರ ಹಿಡಿಯುವಂತಿಲ್ಲ. ಇದಕ್ಕೆ 'ರಕ್ತ ಶುದ್ಧಿ' ಅಂತ ಹೆಸರಾಯಿತು. ಮುಂದೆ ಚರ್ಚುಗಳು, ಕಾಲೇಜುಗಳು, ಸೈನಿಕ ಪಂಗಡಗಳು ಒಂದೊಂದಾಗಿ ಇದನ್ನೇ ಹಿಡಿದವು. ಮುಸಲ್ಮಾನ ಮೂಲದವರಿಗೂ ಇದೇ ಗತಿ. 1478ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಹುಟ್ಟಿತು. 1492ರಲ್ಲಿ ಯೆಹೂದಿಗಳನ್ನು, 1609ರಿಂದ 1614ರೊಳಗೆ ಮುಸಲ್ಮಾನ ಮೂಲದವರನ್ನು ದೇಶದಿಂದ ಅಟ್ಟಿದರು. ಮತ ಬದಲಿಸಿ ಉಳಿದವರನ್ನು ಪತ್ತೆ ಹಚ್ಚುವುದು ಹೇಗೆ? ಅಡುಗೆಮನೆಗೆ ಮೂಗು ತೂರಿಸಿದರು. ಹಂದಿ ಮಾಂಸ ಬೇಡ ಅಂದನೇ? ಹಂದಿ ಕೊಬ್ಬು ಬಿಟ್ಟು ಎಣ್ಣೆಯಲ್ಲಿ ಅಡುಗೆ ಮಾಡಿದಳೇ? ಪಕ್ಕದ ಮನೆಯವರು, ಮನೆಯ ಆಳುಗಳು ಹೋಗಿ ಚಾಡಿ ಹೇಳಿದರು. ಹಾಗೆ ಮತ ಬದಲಿಸಿದವರಿಗೆ ಇಟ್ಟ ಬೈಗುಳದ ಹೆಸರೇ 'ಮರ್ರಾನೊ'. ಆ ಮಾತಿನ ಅರ್ಥ ಹಂದಿ. ಹಂದಿ ತಿನ್ನದವನೇ ಹಂದಿ!

ಸರ್ವಾಂಟಿಸ್ 1605ರಲ್ಲಿ 'ಡಾನ್ ಕ್ವಿಕ್ಸಾಟ್' ಬರೆದಾಗ ನಾಯಕನ ಕನಸಿನ ರಾಣಿ ದುಲ್ಸಿನಿಯಾ ಹಂದಿ ಮಾಂಸಕ್ಕೆ ಉಪ್ಪು ಹಾಕುವುದರಲ್ಲಿ ಬಲು ಗಟ್ಟಿಗಿತ್ತಿ ಅಂತ ಒಂದು ಮಾತು ತರುತ್ತಾನೆ. ಅದನ್ನು ಹೇಳಿಸುವುದು ಅರಬ್ಬಿ ಬರಹದ ಅಂಚಿನ ಟಿಪ್ಪಣಿಯಿಂದ. ನಾವು ನಕ್ಕು ಮುಂದೆ ಹೋಗುತ್ತೇವೆ. ಅಂದಿನ ಓದುಗನಿಗೆ ಆ ನಗುವಿನಡಿಯ ಭಯವೂ ತಿಳಿದಿತ್ತು. ಹಂದಿ ತೊಡೆ ತೂಗುಬಿದ್ದ ಮನೆ ಶುದ್ಧ ರಕ್ತದ ಮನೆ.

ಗೆಳೆಯರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿ ಹಂದಿ ತಿನ್ನದಿದ್ದರೆ ಮೈಲಿಗೆ. ಇಲ್ಲಿ ತಿಂದರೆ ಮೈಲಿಗೆ. ಇಲ್ಲೂ ಎಲ್ಲರಿಗೂ ಅಲ್ಲ. ಕೊಡಗಿನ ಜಮ್ಮಾ ಒಡೆಯರ ಮನೆಯಲ್ಲಿ ಪಂದಿ ಕರಿ ನಾಡಿನ ಹೆಮ್ಮೆ. ಹಂದಿಜೋಗಿಯ ಗುಡಿಸಲಲ್ಲಿ ಅದೇ ಹಂದಿ ಅವನ ಕೀಳುತನಕ್ಕೆ ಸಾಕ್ಷಿ. ಹಾಗಾದರೆ ಮೈಲಿಗೆ ಮಾಂಸದಲ್ಲಿ ಎಲ್ಲಿದೆ? ನೆಲ, ಗುಡಿ, ಕಚೇರಿ ಯಾರ ಕೈಲಿದೆಯೋ ಅವರ ತಟ್ಟೆ ಮಡಿ. ಇಂಗ್ಲಿಷಿನವರು ನಮ್ಮ ಜಾತಿಗೆ ಇಟ್ಟ 'ಕಾಸ್ಟ್' ಅನ್ನೋ ಪದ ಕೂಡ ಆ ಇಬೇರಿಯಾದಿಂದಲೇ ಬಂದದ್ದು. 'ಕಾಸ್ತಾ' ಅಂದರೆ ತಳಿ, ವಂಶ. ಪೋರ್ಚುಗೀಸರು ಅದನ್ನು ಹಡಗಿನಲ್ಲಿ ತಂದರು. ಇಲ್ಲಿನ ವ್ಯವಸ್ಥೆ ಕಂಡು ಅವರಿಗೆ ಹೆಸರು ಹುಡುಕುವ ಕಷ್ಟ ಬೀಳಲಿಲ್ಲ.

ಈಗ ಓಕ್ ಕಾಯಿಗೆ ಬರೋಣ. ಪುರವಣಿಯ ಲೇಖಕ ಅದನ್ನು ಪ್ರಕೃತಿಯ ವರ ಅಂದ. ಎಕ್ಸ್ತ್ರೆಮದೂರಾ ಪ್ರಾಂತ್ಯದಲ್ಲಿ ಆ ಮರಗಳು ದೊಡ್ಡ ಜಮೀನ್ದಾರರವು. 1930ರ ದಶಕದಲ್ಲಿ ಕೂಲಿ ಇಲ್ಲದ, ನೆಲವಿಲ್ಲದ ಜನ ಹಸಿವು ತಾಳದೆ ಉದುರಿದ ಕಾಯಿ ಆರಿಸಲು ಹೋದರೆ ಸಿವಿಲ್ ಗಾರ್ಡ್ ಪೋಲೀಸರು ಬಡಿದು ಅಟ್ಟುತ್ತಿದ್ದರು. ಕಾಯಿ ಹಂದಿಗೆ ಮೀಸಲು. ಮನುಷ್ಯ ತಿಂದರೆ ಕಳ್ಳತನ. 1936ರ ಮಾರ್ಚ್ 25ರಂದು ಬಾದಾಹೋಸ್ ಜಿಲ್ಲೆಯಲ್ಲಿ ಸುಮಾರು 60 ಸಾವಿರ ಭೂಹೀನರು ಸುಮಾರು 3 ಸಾವಿರ ಜಮೀನುಗಳಿಗೆ ಒಂದೇ ದಿನ ನುಗ್ಗಿ ನೇಗಿಲು ಹೂಡಿದರು. ಅದೇ ಆಗಸ್ಟಿನಲ್ಲಿ ಫ್ರಾಂಕೋ ಕಡೆಯ ಸೈನ್ಯ ಬಾದಾಹೋಸ್ ಊರನ್ನು ಹಿಡಿದು ಸಾಮೂಹಿಕ ಕೊಲೆ ನಡೆಸಿತು. ನೆಲ ಮತ್ತೆ ಒಡೆಯರಿಗೆ, ಕಾಯಿ ಮತ್ತೆ ಹಂದಿಗೆ.

ಆ ಮೇಲಿನ ಮೌನದ ಕಥೆಯನ್ನು ಮಿಗೆಲ್ ದೆಲಿಬೆಸ್ 1981ರಲ್ಲಿ ಬರೆದ. 'ಲೋಸ್ ಸಾಂತೋಸ್ ಇನೊಸೆಂತೆಸ್', ಅಂದರೆ 'ಪವಿತ್ರ ಮುಗ್ಧರು'. 1984ರಲ್ಲಿ ಮಾರಿಯೋ ಕಾಮುಸ್ ಅದನ್ನು ಸಿನಿಮಾ ಮಾಡಿದ. 1960ರ ದಶಕದ ಎಕ್ಸ್ತ್ರೆಮದೂರಾದ ಒಂದು ಜಮೀನು. ಆಳು ಪಾಕೊ ಧಣಿ ಇವಾನನ ಬೇಟೆಯಲ್ಲಿ ನಾಯಿಯ ಹಾಗೆ ಮೂಸಿ ಹಕ್ಕಿ ಹುಡುಕುತ್ತಾನೆ. ಕಾಲು ಮುರಿದರೂ ಧಣಿಗೆ ಬೇಟೆಯದೇ ಚಿಂತೆ. ಪಾಕೊನ ಭಾವಮೈದ ಅಸಾರಿಯಾಸ್ ಬುದ್ಧಿ ಮಂದದವ, ಕೈ ಒಡೆಯದಿರಲಿ ಅಂತ ಅದರ ಮೇಲೆ ಉಚ್ಚೆ ಹೊಯ್ದುಕೊಳ್ಳುವವ. ನಮ್ಮ ಮೇಷ್ಟ್ರುಗಳು ಮರೆಯಬಾರದ ಒಂದು ಸನ್ನಿವೇಶ ಇದರಲ್ಲಿದೆ. ವಿದೇಶಿ ಅತಿಥಿಯ ಎದುರು ಧಣಿ ತನ್ನ ಆಳುಗಳನ್ನು ಕರೆಸಿ ಒಬ್ಬೊಬ್ಬರಿಂದ ಹೆಸರು ಬರೆಸುತ್ತಾನೆ. ನೋಡಿ, ಇವರಿಗೂ ಅಕ್ಷರ ಬರುತ್ತೆ! ಅಕ್ಷರ ಅಲ್ಲಿ ಧಣಿಯ ಸರ್ಕಸ್ಸಾಗುತ್ತದೆ.

ಕಾದಂಬರಿಯ ಆರು ಅಧ್ಯಾಯಗಳೂ ಒಂದೊಂದೇ ವಾಕ್ಯ. ಕೊನೆಗೆ ಮಾತ್ರ ಪೂರ್ಣವಿರಾಮ. ಉಸಿರು ಬಿಡಲು ಬಿಡುವಿಲ್ಲದ ಆಳಿನ ಬದುಕಿಗೆ ಇದು ತಕ್ಕ ಭಾಷೆ. ಆದರೆ ನನ್ನ ತಕರಾರು ಇದೆ. ಕೊನೆಯಲ್ಲಿ ಧಣಿಯನ್ನು ನೇಣಿಗೆ ಹಾಕುವವನು ಅಸಾರಿಯಾಸ್, ಅದೂ ತನ್ನ ಸಾಕು ಹಕ್ಕಿಯನ್ನು ಧಣಿ ಗುಂಡಿಟ್ಟು ಕೊಂದ ದುಃಖಕ್ಕೆ. ಸಿಟ್ಟನ್ನು ಲೇಖಕ ಏನೂ ಅರಿಯದವನ ಕೈಗೆ ಕೊಟ್ಟ. ಬುದ್ಧಿ ಇರುವ ಪಾಕೊ ಬಾಗಿದ ಬೆನ್ನಲ್ಲೇ ಉಳಿದ. ಮಾರ್ಚ್ 25ರಂದು ಹೊಲಕ್ಕಿಳಿದವರು ಮುಗ್ಧರಲ್ಲ. ಲೆಕ್ಕ ಹಾಕಿ, ಸಂಘ ಕಟ್ಟಿ, ಗೊತ್ತಿದ್ದೇ ಇಳಿದವರು. ಮರುಕ ಇದ್ದ ದೊಡ್ಡ ಲೇಖಕನಿಗೂ ಬಡವನನ್ನು ಪವಿತ್ರನಾಗಿ ನೋಡುವುದು ಸುಲಭ, ಯೋಚಿಸುವವನಾಗಿ ನೋಡುವುದು ಕಷ್ಟ. ನಮ್ಮಲ್ಲಿ ದಲಿತರ ಬಗ್ಗೆ ಬರೆಯುವ ದಯಾವಂತರಿಗೂ ಈ ಮಾತು ಹೇಳಿಡಬೇಕು.

ಆದರೂ ಪುರವಣಿಯ ಲೇಖನಕ್ಕಿಂತ ಈ ಕಾದಂಬರಿ ಎಷ್ಟೋ ಮೇಲು. ಅಲ್ಲಿ ಮರ ಇದೆ, ಹಂದಿ ಇದೆ, ನಾಲಿಗೆ ಇದೆ, ಕೂಲಿಯವನು ಮಾತ್ರ ಇಲ್ಲ. ಇಲ್ಲಿ ಅವನ ಮುಖ ಕಾಣುತ್ತದೆ. ಇನ್ನೊಂದು ಸಲ ಮನೆಯೊಡೆಯರು 'ಏನು ತಿಂತೀರಿ' ಅಂದರೆ ತಲೆ ತಗ್ಗಿಸಿ ಪಟ್ಟಿ ಕೊಡುವುದಿಲ್ಲ. ಈ ಕಥೆಯನ್ನು ಹೇಳಿ, ನಿಮ್ಮ ತಟ್ಟೆ ಮಡಿಯಾದದ್ದು ಯಾರ ನೆಲದಿಂದ ಸ್ವಾಮಿ ಅಂತ ಕೇಳುತ್ತೇನೆ. ಮನೆ ಸಿಗದಿದ್ದರೂ ಚಿಂತೆಯಿಲ್ಲ.