ಇನ್ನೂರಿಪ್ಪತ್ತರ ಲೆಕ್ಕ, ನೂರೆಪ್ಪತ್ತರ ಲೆಕ್ಕ

220ರಲ್ಲಿ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತ ಸಿಗುತ್ತದೆಂಬ ಸೂತ್ರಕ್ಕೆ ಅದರ ಯೋಗ್ಯತೆ ಮೀರಿದ ಮರ್ಯಾದೆ ದೊರೆತಿದೆ. 1971ರಲ್ಲಿ ಫಾಕ್ಸ್, ನಾಟನ್, ಹ್ಯಾಸ್ಕೆಲ್ ಬೇರೆ ಬೇರೆ ಅಧ್ಯಯನಗಳ ಅಂಕಿಗಳನ್ನು ಒಟ್ಟಿಗಿಟ್ಟು ಕಣ್ಣಂದಾಜಿನಲ್ಲಿ ಆಡಿದ ಮಾತು ಅದು. ಇವತ್ತು ಜಿಮ್ಮಿನ ಟ್ರೆಡ್‌ಮಿಲ್ಲಿನಿಂದ ಎಷ್ಟೋ ಕೈಗಡಿಯಾರಗಳವರೆಗೆ ಅದರದೇ ಆಡಳಿತ.

ಕೆಡುಕಿರುವುದು ಅದನ್ನು ಬಳಸುವ ರೀತಿಯಲ್ಲಿ. 50 ವರ್ಷದ, 60 ಕಿಲೋ ತೂಕದ ಒಬ್ಬರನ್ನು ಸೈಕಲ್ ಎರ್ಗೋಮೀಟರ್ ಮೇಲೆ ಕೂರಿಸಿದಿರೆನ್ನಿ. 50 ವ್ಯಾಟ್‌ಗೆ ನಾಡಿ 110, 100 ವ್ಯಾಟ್‌ಗೆ 140. ಇಲ್ಲಿಯವರೆಗಿನದು ಅಳತೆ. ಆಮೇಲೆ ಈ ಎರಡು ಬಿಂದುಗಳಿಗೆ ಗೆರೆ ಎಳೆದು, ಸೂತ್ರ ಹೇಳುವ 170ರವರೆಗೆ ಚಾಚುತ್ತಾರೆ: 150 ವ್ಯಾಟ್. ಅಂದರೆ ಆಮ್ಲಜನಕದ ಗರಿಷ್ಠ ಬಳಕೆ ಕಿಲೋಗೆ, ನಿಮಿಷಕ್ಕೆ ಸುಮಾರು 34 ಮಿಲಿಲೀಟರ್. ಆದರೆ ಒಂದೇ ವಯಸ್ಸಿನವರ ಗರಿಷ್ಠ ಬಡಿತ ಸರಾಸರಿಯಿಂದ 10–12 ಆಚೀಚೆ ಇರುವುದು ತೀರಾ ಸಾಮಾನ್ಯ. ಇವರ ನಿಜವಾದ ಮಿತಿ 158 ಆಗಿದ್ದರೆ ಉತ್ತರ 30ರ ಹತ್ತಿರ. 182 ಆಗಿದ್ದರೆ 37 ದಾಟುತ್ತದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ನುಂಗುವವರಾದರೆ ನಾಡಿಯೇ ಸರಿಯಾಗಿ ಏರುವುದಿಲ್ಲ. ಗೆರೆ ಚಪ್ಪಟೆಯಾಗಿ, ಗುಳಿಗೆಯ ಗುಣ ಮೈಯ ಕಸುವೆಂಬಂತೆ ವರದಿಯಲ್ಲಿ ಕಾಣಿಸುತ್ತದೆ.

ಸೂತ್ರವನ್ನು ಟೀಕಿಸಿದವರ ಮೇಲೂ ನನ್ನ ತಕರಾರಿದೆ. 2001ರಲ್ಲಿ ಟನಾಕ ಮತ್ತು ಸಂಗಡಿಗರು 208ರಿಂದ ವಯಸ್ಸಿನ 0.7 ಪಾಲು ಕಳೆಯಿರಿ ಎಂದರು. ಹೆಚ್ಚು ಶಿಸ್ತಿನ ಕೆಲಸ, ಒಪ್ಪೋಣ. ಆದರೂ ನಮ್ಮ 50ರವರಿಗೆ ಸಿಕ್ಕಿದ್ದು 173. ಬರೀ ಮೂರು ಬಡಿತದ ವ್ಯತ್ಯಾಸ. ಮರುವರ್ಷ ರಾಬರ್ಗ್ಸ್ ಮತ್ತು ಲ್ಯಾಂಡ್‌ವೇರ್ 220ರ ಇತಿಹಾಸ ಕೆದಕಿ ಅದಕ್ಕೆ ಬುಡವಿಲ್ಲವೆಂದು ತೋರಿಸಿದರು. ಚರ್ಚೆ ಮಾತ್ರ ಯಾವ ಸೂತ್ರ ಮೇಲು ಎಂಬಲ್ಲೇ ಗಿರಕಿ ಹೊಡೆಯುತ್ತಿದೆ. ಸರಾಸರಿಯನ್ನು ಎಷ್ಟು ತಿದ್ದಿದರೂ ಆಳಿನಿಂದ ಆಳಿಗಿರುವ ಅಂತರ ಕರಗದು. ಸಾವಿರ ಜನರ ಸಮೀಕ್ಷೆಯಲ್ಲಿ ತಪ್ಪುಗಳು ಸರಿದೂಗುತ್ತವೆಂಬ ವಾದ ನಿಜವೇ. ಎದುರಿಗೆ ಕೂತ ಒಬ್ಬರಿಗೆ ಅಂಕಿ ಬರೆದುಕೊಡುವವರು ಆ ವಾದದ ಮರೆಗೆ ನಿಲ್ಲಬಾರದು.

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಹೈದರಾಬಾದಿನಲ್ಲೇ ಕೇಳಿದ್ದರು. ತಾರ್ನಾಕದ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸತ್ಯನಾರಾಯಣ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಅಧ್ಯಯನ ಹಳ್ಳಿಯ ಹುಡುಗರದು. ಬಾಲ್ಯದಲ್ಲಿ ಅನ್ನದ ಕೊರತೆ ಉಂಡವರು ಅದರಲ್ಲಿದ್ದರು. ನಾಡಿ 170 ಮುಟ್ಟಿದಾಗ ಹುಡುಗ ಎಷ್ಟು ಕೆಲಸ ಮಾಡಬಲ್ಲ? ಅವರು ಹುಡುಕಿದ್ದು ಇಷ್ಟನ್ನೇ. ಹದಿಹರೆಯದ ಹೃದಯದ ಮಿತಿ 170ಕ್ಕಿಂತ ಎಷ್ಟೋ ಮೇಲಿರುತ್ತದೆ. ಗರಿಷ್ಠವನ್ನು ಊಹಿಸುವ ಗೊಡವೆಯೇ ಇಲ್ಲ. ಹೊಟ್ಟೆಗಿಲ್ಲದೆ ಬೆಳೆದವರ ಅಂಕಿ ಕೆಳಗಿತ್ತು. ತೂಕದಿಂದ ಭಾಗಿಸಿದಾಗ ಆ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ಕಿಲೋವಾರು ಲೆಕ್ಕವನ್ನೇ ನಂಬಿದವರು ಇದನ್ನು ಸಮಾಧಾನದ ಸುದ್ದಿಯೆಂದು ಓದಿಯಾರು. ನಾನು ಹಾಗೆ ಓದಲಾರೆ. ಕಾಚಿಗೂಡ ನಿಲ್ದಾಣದಲ್ಲಿ ಹಮಾಲಿಯ ತಲೆಗೇರುವ ಪೆಟ್ಟಿಗೆ ಅವನ ಮೈತೂಕ ನೋಡಿ ಹಗುರಾಗುವುದಿಲ್ಲ; ಕೂಲಿ ಹುಟ್ಟುವುದು ಒಟ್ಟು ಬಲದಿಂದ. ಸತ್ಯನಾರಾಯಣ ಮತ್ತಿತರರು 1977ರಲ್ಲಿ ಕಾರ್ಖಾನೆಯ ಕೆಲಸಗಾರರನ್ನು ನೋಡಿದಾಗಲೂ ಮೈತೂಕ ಹೆಚ್ಚಿದ್ದವರ ಉತ್ಪಾದನೆಯೇ ಹೆಚ್ಚಿತ್ತು.

170 ಎಲ್ಲರಿಗೂ ಒಗ್ಗುವ ಗುರುತಲ್ಲ. ಅರವತ್ತು ದಾಟಿದವರಿಗೆ 120 ಇಟ್ಟುಕೊಂಡು, ಆರು ತಿಂಗಳ ಹಿಂದೆ ಆ ನಾಡಿಗೆ ಎಷ್ಟು ವ್ಯಾಟ್, ಈಗೆಷ್ಟು ಎಂದು ಕೇಳಬಹುದು. ಹಳ್ಳಿಯ ಹುಡುಗರ ಆ ಅಧ್ಯಯನದ ದೊಡ್ಡ ಕೊರತೆ ಬೇರೆ: ಅದರಲ್ಲಿ ಹುಡುಗಿಯರಿಲ್ಲ. ಮನೆಯಲ್ಲಿ ಕಡೆಯ ಪಾಲು ಉಂಡು ನೀರು ಹೊರುವವರು ಅವರೇ. ಅದೇ ಪರೀಕ್ಷೆಗೆ ಅವರನ್ನೂ ಕೂರಿಸಬೇಕಿತ್ತು.